ಒಂದು ಚಿಟಿಕೆ ಉಪ್ಪು, ಒಂದು ಜೀವ

ಕಳೆದ ಮಳೆಗಾಲದ ಒಂದು ಮುಂಜಾನೆ. ನೆರೆಮನೆಯ ಹುಡುಗಿ ಓಡಿ ಬಂದು, "ಮಾಮಿ, ಬೇಗ ಬನ್ನಿ, ಅಜ್ಜಿ ಏನೇನೋ ಮಾತಾಡ್ತಾ ಇದ್ದಾರೆ" ಎಂದಳು. ಹೋಗಿ ನೋಡಿದರೆ ಎಪ್ಪತ್ತು ದಾಟಿದ ಆ ಹಿರಿಯರು ಹಾಸಿಗೆಯಲ್ಲಿ ಕುಳಿತು ಗೋಡೆಯನ್ನೇ ದಿಟ್ಟಿಸುತ್ತಿದ್ದರು. ಮಗಳು ಎದುರಿಗೆ ಬಂದು, "ಉಮ್ಮಾ, ನಾನು ಯಾರು ಹೇಳಿ" ಎಂದು ಕೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಎಂದೋ ತೀರಿಹೋದ ತನ್ನ ತಂಗಿಯ ಹೆಸರು ಹೇಳಿದರು. ಮನೆಯಲ್ಲಿ ಅಳು ಶುರುವಾಯಿತು. ಪಾರ್ಶ್ವವಾಯು ಬಡಿದಿದೆ ಎಂದರು ಒಬ್ಬರು. ಮರೆವಿನ ಕಾಯಿಲೆ ಎಂದರು ಇನ್ನೊಬ್ಬರು. ದೃಷ್ಟಿ ತಾಗಿದೆ ಎನ್ನುವವರೂ ಇದ್ದರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ವೈದ್ಯರು ಚೀಟಿ ನೋಡಿ ಹೇಳಿದ್ದು ಒಂದೇ ಮಾತು: "ಸೋಡಿಯಂ 116ಕ್ಕೆ ಇಳಿದಿದೆ. 135ರಿಂದ 145ರ ಒಳಗೆ ಇರಬೇಕಿತ್ತು." ವಿಚಾರಿಸಿದಾಗ ಸಂಗತಿ ಹೊರಬಂತು. ಎರಡು ದಿನಗಳಿಂದ ಅಜ್ಜಿಗೆ ಭೇದಿಯಾಗುತ್ತಿತ್ತು. ಬಿ.ಪಿ.ಗೆಂದು ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆಯನ್ನು ಎಂದಿನಂತೆ ನುಂಗುತ್ತಿದ್ದರು. ಬಿ.ಪಿ. ಏರೀತು ಎಂಬ ಭಯದಿಂದ ಗಂಜಿಗೆ ಉಪ್ಪು ಹಾಕಿರಲಿಲ್ಲ. ನಿಶ್ಶಕ್ತಿಯಾಗಬಾರದೆಂದು ಬರೀ ನೀರನ್ನು ಚೊಂಬುಗಟ್ಟಲೆ ಕುಡಿಸಲಾಗಿತ್ತು.

ಆಸ್ಪತ್ರೆಯ ಜಗಲಿಯಲ್ಲಿ ಕುಳಿತಿದ್ದಾಗ ಅವರ ಸೊಸೆ ನನ್ನನ್ನು ಕೇಳಿದಳು: "ಉಪ್ಪು ಕಡಿಮೆಯಾದರೆ ಸಾರಿನ ರುಚಿ ಕೆಡುವುದು ಗೊತ್ತು. ಹೆತ್ತ ಮಗಳ ಗುರುತೂ ತಪ್ಪುತ್ತದೆಯೇ?"

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ನಾವು ನೋಡುವುದು, ನಡೆಯುವುದು, ನೆನಪಿಡುವುದು ಎಲ್ಲವೂ ಉಪ್ಪು ಜೀವಕೋಶದ ಗೋಡೆ ದಾಟುವ ಆಟವನ್ನೇ ಅವಲಂಬಿಸಿದೆ. ಆ ಆಟದ ಒಂದು ಸಣ್ಣ ಗುಟ್ಟನ್ನು ತಿಳಿದ ತಾಯಂದಿರು ಕಳೆದ ಐವತ್ತು ವರ್ಷಗಳಲ್ಲಿ ಲಕ್ಷಾಂತರ ಮಕ್ಕಳ ಪ್ರಾಣ ಉಳಿಸಿದ್ದಾರೆ.

ಉಪ್ಪು ನೀರಿಗೆ ಬಿದ್ದಾಗ

ಅಡುಗೆ ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಅದು ನೀರಿನಲ್ಲಿ ಕರಗಿದಾಗ ಸೋಡಿಯಂ ಬೇರೆ, ಕ್ಲೋರೈಡ್ ಬೇರೆಯಾಗುತ್ತವೆ. ಹೀಗೆ ಬೇರ್ಪಟ್ಟ ಕಣಗಳಲ್ಲಿ ಸ್ವಲ್ಪ ವಿದ್ಯುತ್ತು ಇರುತ್ತದೆ. ಸೋಡಿಯಂನಲ್ಲಿ ಧನ, ಕ್ಲೋರೈಡಿನಲ್ಲಿ ಋಣ. ಇಂಥ ವಿದ್ಯುತ್ ಕಣಗಳಿಗೆ ಅಯಾನುಗಳು ಎಂದು ಹೆಸರು. ಬಾಳೆಹಣ್ಣು, ಎಳನೀರು, ಬೇಳೆಕಾಳುಗಳಿಂದ ಸಿಗುವ ಪೊಟ್ಯಾಸಿಯಂ, ಹಾಲಿನಿಂದ ಸಿಗುವ ಕ್ಯಾಲ್ಸಿಯಂ ಕೂಡ ದೇಹದ ದ್ರವಗಳಲ್ಲಿ ಅಯಾನುಗಳಾಗಿಯೇ ಓಡಾಡುತ್ತವೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ಕೊಬ್ಬಿನ ಎರಡು ಪದರಗಳ ಒಂದು ಪೊರೆ ಇದೆ. ಎಷ್ಟು ತೆಳುವೆಂದರೆ, ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಎಣ್ಣೆಗೂ ನೀರಿಗೂ ಹೊಂದಿಕೆಯಾಗದು ಎಂಬುದು ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಗೊತ್ತು. ನೀರಿನಲ್ಲಿ ಕರಗಿದ ಅಯಾನು ಈ ಕೊಬ್ಬಿನ ಪೊರೆಯನ್ನು ತಾನಾಗಿ ದಾಟಲಾರದು. ದಾಟಬೇಕಾದರೆ ಬಾಗಿಲು ಬೇಕು. ಆ ಬಾಗಿಲುಗಳನ್ನು ಜೀವಕೋಶವು ಪ್ರೋಟೀನಿನಿಂದ ಮಾಡಿ ಪೊರೆಯಲ್ಲಿ ಕೂರಿಸಿಕೊಂಡಿದೆ. ಸೋಡಿಯಂನ ಬಾಗಿಲು ಬೇರೆ, ಪೊಟ್ಯಾಸಿಯಂನ ಬಾಗಿಲು ಬೇರೆ.

ಜೀವಕೋಶದ ಹೊರಗಿನ ದ್ರವದಲ್ಲಿ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಒಳಗೆ ಇದಕ್ಕೆ ತದ್ವಿರುದ್ಧ. ಸೋಡಿಯಂ ಹೊರಗೆ ಸುಮಾರು 140 ಇದ್ದರೆ ಒಳಗೆ ಬರೀ 12ರಷ್ಟು. ಪೊಟ್ಯಾಸಿಯಂ ಒಳಗೆ ಸುಮಾರು 140, ಹೊರಗೆ 4ರ ಆಸುಪಾಸು. ಒಳಗೂ ಹೊರಗೂ ಇರುವ ಈ ವ್ಯತ್ಯಾಸ ಅಳಿಸಿಹೋದ ದಿನ ಜೀವಕೋಶ ಬದುಕಿರುವುದಿಲ್ಲ.

ಬಿಡುವಿಲ್ಲದ ಪಂಪು

ಹಳೆಯ ಮರದ ದೋಣಿಗೆ ನೀರು ಸದಾ ಜಿನುಗುತ್ತಿರುತ್ತದೆ. ದೋಣಿಯವನು ಅದನ್ನು ಗೋರಿ ಗೋರಿ ಹೊರಗೆ ಚೆಲ್ಲುತ್ತಲೇ ಇರಬೇಕು. ಜೀವಕೋಶದ ಕಥೆಯೂ ಅಷ್ಟೇ. ಸೋಡಿಯಂ ಸಣ್ಣ ಸಂದುಗಳಿಂದ ಒಳಗೆ ಜಿನುಗುತ್ತಿರುತ್ತದೆ. ಅದನ್ನು ಹೊರಹಾಕಲು ಪೊರೆಯಲ್ಲಿ ಪಂಪುಗಳಿವೆ. ಪ್ರತಿ ಸುತ್ತಿಗೆ ಈ ಪಂಪು ಮೂರು ಸೋಡಿಯಂ ಕಣಗಳನ್ನು ಹೊರಗೆ ದೂಡಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ. ಒಂದು ಸುತ್ತಿಗೆ ತಗಲುವ ವೆಚ್ಚ ಒಂದು ಎ.ಟಿ.ಪಿ. ಕಣ. ನಾವು ತಿಂದ ಅನ್ನ, ರೊಟ್ಟಿಗಳಿಂದ ದೇಹ ತಯಾರಿಸಿಕೊಳ್ಳುವ ಶಕ್ತಿಯ ನಾಣ್ಯವೇ ಈ ಎ.ಟಿ.ಪಿ.

ಈ ಪಂಪನ್ನು ಪತ್ತೆ ಹಚ್ಚಿದವರು ಡೆನ್ಮಾರ್ಕಿನ ಆರ್ಹುಸ್ ನಗರದ ವೈದ್ಯ ವಿಜ್ಞಾನಿ ಯೆನ್ಸ್ ಸ್ಕೂ. ಅವರು ಆರಿಸಿಕೊಂಡ ಪ್ರಾಣಿ ಯಾವುದು ಗೊತ್ತೇ? ಏಡಿ! ಏಡಿಯ ಕಾಲಿನ ನರಗಳಿಂದ ಪೊರೆಯ ಚೂರುಗಳನ್ನು ತೆಗೆದು ಪರೀಕ್ಷಿಸಿದಾಗ, ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇದ್ದರೆ ಮಾತ್ರ ಎ.ಟಿ.ಪಿ.ಯನ್ನು ಚುರುಕಾಗಿ ಒಡೆಯುವ ಒಂದು ಕಿಣ್ವ ಅವರ ಕಣ್ಣಿಗೆ ಬಿತ್ತು. 1957ರಲ್ಲಿ ಅದನ್ನು ಪ್ರಕಟಿಸಿದರು. ಸರಿಯಾಗಿ ನಲವತ್ತು ವರ್ಷಗಳ ನಂತರ, 1997ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಪಾಲು ಬಂತು.

ನಾವು ಮಲಗಿದರೂ ಈ ಪಂಪುಗಳು ಮಲಗುವುದಿಲ್ಲ. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ. 2ರಷ್ಟು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿದ್ದಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಮೆದುಳೇ ಖರ್ಚು ಮಾಡುತ್ತದೆ. ಅದರ ದೊಡ್ಡ ಪಾಲು ಹೋಗುವುದು ಈ ಸೋಡಿಯಂ-ಪೊಟ್ಯಾಸಿಯಂ ಪಂಪಿಗೆ.

ನರದಲ್ಲಿ ಓಡುವ ಸುದ್ದಿ

ಕಾದ ಕಾವಲಿಗೆ ಬೆರಳು ತಾಗಿದ ಅನುಭವ ಯಾರಿಗಿಲ್ಲ? ಗಮನಿಸಿದ್ದೀರಾ, ಮೊದಲು ಕೈ ಹಿಂದಕ್ಕೆ ಬರುತ್ತದೆ. ಆಮೇಲೆ ಚುರ್ರೆಂದು ಉರಿ. ಇನ್ನೂ ಒಂದು ಗಳಿಗೆ ಕಳೆದ ಮೇಲೆ ಬಿಟ್ಟೂಬಿಡದ ಸುಡುವ ನೋವು. ಇಷ್ಟು ಹೊತ್ತಿಗೆ ಬೆರಳಿನಿಂದ ಬೆನ್ನುಹುರಿಗೆ, ಅಲ್ಲಿಂದ ತೋಳಿನ ಸ್ನಾಯುವಿಗೆ, ಇನ್ನೊಂದು ಕಡೆ ಮೆದುಳಿಗೆ ಸುದ್ದಿಗಳು ಓಡಿರುತ್ತವೆ. ಕೈ ಹಿಂದೆಗೆಯುವ ಆಜ್ಞೆ ಬೆನ್ನುಹುರಿಯಿಂದಲೇ ಹೊರಡುತ್ತದೆ. ಮೆದುಳಿನ ಅಪ್ಪಣೆಗೆ ಅದು ಕಾಯುವುದಿಲ್ಲ.

ಈ ಸುದ್ದಿ ಓಡುವುದು ಹೇಗೆ? ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಟಾರ್ಚಿಗೆ ಹಾಕುವ ಸೆಲ್ಲಿನ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಎನ್ನಿ. ಹೊರಗೆ ಸೋಡಿಯಂ ಒಳನುಗ್ಗಲು ತುದಿಗಾಲಲ್ಲಿ ನಿಂತಿದೆ, ಆದರೆ ಬಾಗಿಲು ಮುಚ್ಚಿದೆ. ಬಿಸಿ ತಾಗಿದ ಕೂಡಲೇ ಒಂದು ಕಡೆಯ ಸೋಡಿಯಂ ಬಾಗಿಲುಗಳು ತೆರೆದುಕೊಳ್ಳುತ್ತವೆ. ಸೋಡಿಯಂ ಒಳನುಗ್ಗಿ ಅಲ್ಲಿನ ಒಳಭಾಗ ಧನವಾಗುತ್ತದೆ. ಈ ಬದಲಾವಣೆ ತಟ್ಟಿದೊಡನೆ ಪಕ್ಕದ ಬಾಗಿಲುಗಳು ತೆರೆಯುತ್ತವೆ. ಅವುಗಳ ನಂತರ ಅದರ ಪಕ್ಕದವು. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ತಳ್ಳಿದರೆ ಕೊನೆಯದರವರೆಗೂ ಬೀಳುತ್ತಾ ಹೋಗುತ್ತವಲ್ಲ, ಹಾಗೆ.

ಆದರೆ ನರದ ಇಟ್ಟಿಗೆಗಳು ಬಿದ್ದಲ್ಲೇ ಮತ್ತೆ ಎದ್ದು ನಿಲ್ಲುತ್ತವೆ! ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನೊಳಗೆ ಸೋಡಿಯಂ ಬಾಗಿಲು ಮುಚ್ಚಿಕೊಳ್ಳುತ್ತದೆ. ಪೊಟ್ಯಾಸಿಯಂ ಬಾಗಿಲು ತೆರೆದು, ಪೊಟ್ಯಾಸಿಯಂ ಹೊರಗೆ ಹರಿದು ಒಳಭಾಗ ಮತ್ತೆ ಋಣವಾಗುತ್ತದೆ. ನರ ಮುಂದಿನ ಸುದ್ದಿಗೆ ಸಿದ್ಧ. ಸೋರಿಹೋದ ಅಯಾನುಗಳನ್ನು ಮರಳಿ ಅವುಗಳ ಜಾಗಕ್ಕೆ ಸೇರಿಸುವ ಕೆಲಸವನ್ನು ಪಂಪುಗಳು ಮಾಡುತ್ತಿರುತ್ತವೆ.

ಎಲ್ಲ ನರಗಳಲ್ಲೂ ಸುದ್ದಿಯ ವೇಗ ಒಂದೇ ಅಲ್ಲ. ಕೆಲವು ನರಗಳ ಸುತ್ತ ವಿದ್ಯುತ್ ತಂತಿಯ ಹೊದಿಕೆಯಂತೆ ಕೊಬ್ಬಿನ ಹೊದಿಕೆ ಇರುತ್ತದೆ. ಅವುಗಳಲ್ಲಿ ಅತಿ ದಪ್ಪನೆಯವುಗಳಲ್ಲಿ ಸುದ್ದಿ ಸೆಕೆಂಡಿಗೆ 100 ಮೀಟರಿಗಿಂತಲೂ ವೇಗವಾಗಿ ಓಡುತ್ತದೆ. ಹೊದಿಕೆಯಿಲ್ಲದ ತೆಳು ನರಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ದಾಟುವುದೂ ಕಷ್ಟ. ಕಾವಲಿ ತಾಗಿದಾಗ ಚುರುಕಾದ ಉರಿ ಮೊದಲು, ಸುಡುವ ನೋವು ಆಮೇಲೆ ಬರಲು ಇದೇ ಕಾರಣ. ಎರಡು ಸುದ್ದಿಗಳೂ ಒಟ್ಟಿಗೇ ಹೊರಟರೂ ಒಂದು ಓಡುತ್ತದೆ, ಇನ್ನೊಂದು ನಡೆಯುತ್ತದೆ.

ಇದನ್ನೆಲ್ಲ ಮನುಷ್ಯರು ತಿಳಿದುಕೊಂಡದ್ದು ಬೊಂಡಾಸ್‌ನಿಂದ. ಕರಾವಳಿಯ ನಾವು ಅದನ್ನು ಮೀನು ಮಾರುಕಟ್ಟೆಯಲ್ಲಿ ಬಲ್ಲೆವು. ಬೊಂಡಾಸ್‌ನ ಮೈಯಲ್ಲಿ ಒಂದು ಮಿಲಿಮೀಟರ್ ದಪ್ಪದವರೆಗೂ ಬೆಳೆಯುವ ನರತಂತು ಇದೆ. ಬರಿಗಣ್ಣಿಗೆ ಕಾಣುವಂಥದ್ದು. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಎಂಬ ಇಬ್ಬರು ತರುಣರು ಇಂಥ ನರದೊಳಕ್ಕೆ ಸಣ್ಣ ಕೊಳವೆ ತೂರಿಸಿ, ಸುದ್ದಿ ಓಡುವಾಗ ಒಳಗಿನ ವಿದ್ಯುತ್ತು ಹೇಗೆ ಏರಿಳಿಯುತ್ತದೆಂದು ಅಳೆದರು. ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಗಿ ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಕೈಗೆತ್ತಿಕೊಂಡು, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಾರಗಟ್ಟಲೆ ಲೆಕ್ಕ ಹಾಕಿ, 1952ರಲ್ಲಿ ಪೂರ್ಣ ವಿವರ ಪ್ರಕಟಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಹಲ್ಲು ಕೀಳಿಸಿಕೊಳ್ಳುವಾಗ ದಂತವೈದ್ಯರು ಒಸಡಿಗೆ ಮದ್ದು ಚುಚ್ಚುತ್ತಾರಲ್ಲ, ಅದು ಮಾಡುವುದು ಇಷ್ಟೇ: ಅಲ್ಲಿನ ನರಗಳ ಸೋಡಿಯಂ ಬಾಗಿಲಿಗೆ ಸ್ವಲ್ಪ ಹೊತ್ತು ಅಗುಳಿ ಹಾಕುತ್ತದೆ. ಸೋಡಿಯಂ ಒಳಬಾರದಿದ್ದರೆ ಸುದ್ದಿ ಹುಟ್ಟದು. ಸುದ್ದಿ ಮೆದುಳಿಗೆ ತಲುಪದಿದ್ದರೆ ನೋವೂ ಇಲ್ಲ.

ಅಜ್ಜಿಗೆ ಆದದ್ದೇನು?

ಈಗ ಅಜ್ಜಿಯ ವಿಷಯಕ್ಕೆ ಬರೋಣ. ಇದನ್ನು ಅರಿಯಲು ಉಪ್ಪಿನಕಾಯಿಯ ಭರಣಿ ಸಾಕು. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಹೋಳುಗಳು ಸುಕ್ಕಾಗಿ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಒಣದ್ರಾಕ್ಷಿಯನ್ನು ಬರೀ ನೀರಿಗೆ ಹಾಕಿದರೆ ಅದು ಉಬ್ಬುತ್ತದೆ. ಉಪ್ಪು ಅಥವಾ ಸಕ್ಕರೆ ಎಲ್ಲಿ ಹೆಚ್ಚು ಗಟ್ಟಿಯಾಗಿದೆಯೋ ನೀರು ಆ ಕಡೆಗೆ ಹರಿಯುತ್ತದೆ.

ಅಜ್ಜಿಯ ದೇಹದಿಂದ ಭೇದಿಯಲ್ಲೂ ಮೂತ್ರದಲ್ಲೂ ಸೋಡಿಯಂ ಹೋಯಿತು. ಹೋದ ಉಪ್ಪು ಮರಳಿ ಬರಲಿಲ್ಲ, ಬರೀ ನೀರು ಬಂತು. ರಕ್ತ ತೆಳುವಾಯಿತು. ಹೊರಗಿನ ದ್ರವದಲ್ಲಿ ಉಪ್ಪು ಕಡಿಮೆಯಾದಾಗ ನೀರು ಜೀವಕೋಶಗಳ ಒಳಗೆ ನುಗ್ಗಿ ಅವು ಒಣದ್ರಾಕ್ಷಿಯಂತೆ ಉಬ್ಬಿದವು. ಕೈಕಾಲಿನ ಜೀವಕೋಶಗಳು ಉಬ್ಬಿದರೆ ಹಿಗ್ಗಲು ಜಾಗವಿದೆ. ಮೆದುಳಿಗೆ ಆ ಜಾಗವಿಲ್ಲ. ಅದು ತಲೆಬುರುಡೆ ಎಂಬ ಗಟ್ಟಿ ಡಬ್ಬಿಯೊಳಗಿದೆ. ಆದ್ದರಿಂದಲೇ ಸೋಡಿಯಂ ಕಡಿಮೆಯಾದಾಗ ಮೊದಲು ತಲೆನೋವು, ವಾಕರಿಕೆ, ಮಂಕು ಕಾಣಿಸಿಕೊಳ್ಳುತ್ತವೆ. ಆಮೇಲೆ ಗೊಂದಲ, ತಪ್ಪು ಮಾತು. ಇನ್ನೂ ಇಳಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಪ್ರಾಣಾಪಾಯ.

ಹಾಗಾದರೆ ಮನೆಯಲ್ಲೇ ಒಂದು ಲೋಟ ಗಟ್ಟಿ ಉಪ್ಪುನೀರು ಕುಡಿಸಿಬಿಟ್ಟರಾಯಿತಲ್ಲ ಎಂದುಕೊಳ್ಳಬೇಡಿ. ಹಾಗೆ ಮಾಡುವುದು ಅಪಾಯ. ಮಂಕಾದವರ ಬಾಯಿಗೆ ಏನು ಸುರಿದರೂ ಅದು ಶ್ವಾಸನಾಳಕ್ಕೆ ಇಳಿಯಬಹುದು. ಅಲ್ಲದೆ ಕೆಲವು ದಿನಗಳಿಂದ ಕಡಿಮೆಯಾಗಿರುವ ಸೋಡಿಯಂ ಹಠಾತ್ತನೆ ಏರಿದರೆ ಮೆದುಳಿನ ನರಗಳ ಕೊಬ್ಬಿನ ಹೊದಿಕೆಗೇ ಹಾನಿಯಾಗುತ್ತದೆ. ಆದ್ದರಿಂದ ವೈದ್ಯರು ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತಾ ನಿಧಾನವಾಗಿಯೇ ಅದನ್ನು ಏರಿಸುತ್ತಾರೆ. ಅಜ್ಜಿಯನ್ನೂ ಹಾಗೆಯೇ ನೋಡಿಕೊಂಡರು. ಮನೆಯವರ ಕೆಲಸ ಚಿಕಿತ್ಸೆಯಲ್ಲ, ಲಕ್ಷಣ ಗುರುತಿಸಿ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು. ಆದರೆ ಅಲ್ಲಿಗೆ ತಲುಪುವ ಮೊದಲೇ, ಭೇದಿ ಶುರುವಾದ ಹೊತ್ತಿನಲ್ಲೇ ಮನೆಯಲ್ಲಿ ಮಾಡಬಹುದಾದ ಕೆಲಸವೊಂದಿತ್ತು. ಅದರ ಹಿಂದೆ ದೊಡ್ಡ ಕಥೆಯೇ ಇದೆ.

ಕರುಳಿನ ಜೋಡಿ ಬಾಗಿಲು

ನಾವು ಕುಡಿದದ್ದು ಮತ್ತು ದೇಹವೇ ಸುರಿಸಿದ ಜೀರ್ಣರಸಗಳು ಸೇರಿ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಕರುಳಿಗೆ ಬರುತ್ತದೆ. ಮಲದಲ್ಲಿ ಹೊರಹೋಗುವುದು ಒಂದು ಲೋಟಕ್ಕಿಂತ ಹೆಚ್ಚಿಲ್ಲ. ಉಳಿದದ್ದನ್ನೆಲ್ಲ ಕರುಳು ಮರಳಿ ಹೀರಿಕೊಳ್ಳುತ್ತದೆ. ಕರುಳಿಗೆ ನೀರನ್ನು ನೇರವಾಗಿ ಎಳೆದುಕೊಳ್ಳುವ ಪಂಪು ಇಲ್ಲ. ಅದು ಉಪ್ಪನ್ನು ಎಳೆದುಕೊಳ್ಳುತ್ತದೆ. ನೀರು ಉಪ್ಪಿನ ಹಿಂದೆ ಹೋಗುತ್ತದೆ.

ಕಾಲರಾ ಕೆಡಿಸುವುದು ಇದನ್ನೇ. ಕಾಲರಾದ ರೋಗಾಣು ಒಂದು ವಿಷವನ್ನು ಬಿಡುತ್ತದೆ ಎಂಬುದನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತಾದ ಶಂಭುನಾಥ ಡೇ. ಆ ವಿಷ ಕರುಳಿನ ಜೀವಕೋಶಗಳ ಕ್ಲೋರೈಡ್ ಬಾಗಿಲನ್ನು ಮುಚ್ಚದಂತೆ ತೆರೆದಿಡುತ್ತದೆ. ಕ್ಲೋರೈಡ್ ಹೊರಗೆ ಸುರಿಯುತ್ತದೆ, ಸೋಡಿಯಂ ಹಿಂಬಾಲಿಸುತ್ತದೆ, ನೀರೂ ಅದರ ಹಿಂದೆ. ರೋಗ ಜೋರಾದರೆ ಗಂಟೆಗೆ ಒಂದು ಲೀಟರಿನವರೆಗೆ ನೀರು ಹೋಗಬಹುದು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಇರುತ್ತಿರಲಿಲ್ಲ.

1832ರಲ್ಲೇ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಎಂಬ ವೈದ್ಯರು ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಏರಿಸಿ ಕೆಲವರನ್ನು ಬದುಕಿಸಿದ್ದರು. ಇಂದಿನ ಗ್ಲೂಕೋಸ್ ಬಾಟಲಿಯ ಚಿಕಿತ್ಸೆ ಆ ದಾರಿಯಲ್ಲೇ ಬಂದದ್ದು. ಆದರೆ ಬಾಟಲಿ, ಸೂಜಿ, ಕಲಿತ ಕೈ ಇಲ್ಲದ ಹಳ್ಳಿಗಳಲ್ಲಿ ಏನು ಮಾಡುವುದು? ಬಾಯಿಯಿಂದ ಉಪ್ಪುನೀರು ಕುಡಿಸಿದರೆ ಅದೂ ಭೇದಿಯಾಗಿ ಹೋಗುತ್ತಿತ್ತು.

ಗುಟ್ಟು ತಿಳಿದದ್ದು 1960ರಲ್ಲಿ. ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ಪ್ರಾಗ್ ನಗರದ ಸಭೆಯೊಂದರಲ್ಲಿ ಒಂದು ಹೊಸ ವಿಚಾರ ಮಂಡಿಸಿದರು. ಕರುಳಿನ ಪೊರೆಯಲ್ಲಿ ಸೋಡಿಯಂ ಮತ್ತು ಸಕ್ಕರೆ ಜೊತೆಯಾಗಿ ಬಂದರೆ ಮಾತ್ರ ಒಳಬಿಡುವ ಬಾಗಿಲೊಂದಿದೆ ಎಂಬುದೇ ಅದು. ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೊತೆಗೂಡಿ ಒಳಬರುತ್ತವೆ, ನೀರು ಅವುಗಳ ಹಿಂದೆ ಬರುತ್ತದೆ ಎಂದು ಆಮೇಲೆ ತಿಳಿಯಿತು. ಈ ಬಾಗಿಲು ಕೆಲಸ ಮಾಡುವುದು ಸ್ಕೂ ಕಂಡ ಅದೇ ಪಂಪಿನ ಬಲದಿಂದ. ಪಂಪು ಜೀವಕೋಶದೊಳಗಿನ ಸೋಡಿಯಂ ಅನ್ನು ಖಾಲಿ ಮಾಡುತ್ತಿರುವುದರಿಂದಲೇ ಕರುಳಿನ ಸೋಡಿಯಂ ಒಳಗೆ ನುಗ್ಗುತ್ತದೆ, ನುಗ್ಗುವಾಗ ಸಕ್ಕರೆಯನ್ನೂ ಕೈಹಿಡಿದು ತರುತ್ತದೆ. ಕಾಲರಾದ ವಿಷ ಉಳಿದದ್ದನ್ನು ಕೆಡಿಸಿದರೂ ಈ ಜೋಡಿ ಬಾಗಿಲನ್ನು ಮುಟ್ಟುವುದಿಲ್ಲ!

ಉಪ್ಪುನೀರಿಗೆ ತಕ್ಕಷ್ಟು ಸಕ್ಕರೆ ಸೇರಿಸಿದರೆ ಕರುಳು ಅದನ್ನು ಹೀರಿಕೊಳ್ಳುತ್ತದೆ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಯುವ ವೈದ್ಯರು ಇದನ್ನು ರೋಗಿಗಳಲ್ಲಿ ತೋರಿಸಿಕೊಟ್ಟರು. ರಕ್ತನಾಳಕ್ಕೆ ಏರಿಸಬೇಕಾದ ದ್ರವದ ಅಗತ್ಯ ಸುಮಾರು ಶೇ. 80ರಷ್ಟು ತಗ್ಗಿತು. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ 1978ರಲ್ಲಿ ಬರೆದ ಸಂಪಾದಕೀಯದಲ್ಲಿ, ಉಪ್ಪು-ಸಕ್ಕರೆಯ ಈ ಜೊತೆಗಾರಿಕೆ ತಿಳಿದದ್ದೇ ಆ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಿರಬಹುದು ಎಂದಿತು.

ಶಿಬಿರದಲ್ಲಿ ತಾಯಂದಿರೇ ದಾದಿಯರು

ಈ ಮದ್ದಿನ ಅಗ್ನಿಪರೀಕ್ಷೆ ನಡೆದದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ವೇಳೆ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹರಡಿತು. ಪಶ್ಚಿಮ ಬಂಗಾಳದ ಗಡಿ ಊರು ಬೊಂಗಾಂವ್‌ಗೆ ಹೋದ ಮಕ್ಕಳ ವೈದ್ಯ ಡಾ. ದಿಲೀಪ್ ಮಹಲನಬಿಸ್ ಕಂಡದ್ದು ಆಸ್ಪತ್ರೆಯ ನೆಲದ ಮೇಲೆಲ್ಲ ಮಲಗಿದ ರೋಗಿಗಳನ್ನು. ವಾಂತಿ-ಭೇದಿಯ ನಡುವೆ ಮಂಡಿಯೂರಿ ಸೂಜಿ ಹಾಕಬೇಕಾದ ಸ್ಥಿತಿ. ಬಾಟಲಿಗಳು ಮುಗಿಯುತ್ತಿದ್ದವು. ಸೂಜಿ ಹಾಕಬಲ್ಲವರು ಒಬ್ಬಿಬ್ಬರು ಮಾತ್ರ.

ಅವರು ಧೈರ್ಯದ ತೀರ್ಮಾನ ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ. ಈ ಪುಡಿಯನ್ನು ಕಲ್ಕತ್ತಾದಲ್ಲಿ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಸಿದರು. ಶಿಬಿರದಲ್ಲಿ ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರಿಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ತಾಯಂದಿರು, ಅಕ್ಕಂದಿರು, ಅತ್ತೆಯಂದಿರು ಗುಟುಕು ಗುಟುಕಾಗಿ ಕುಡಿಸಿದರು. ಮೊದಲು ನೂರಕ್ಕೆ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದ ಕಡೆ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಭಾರತ ಸರಕಾರ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಬಾಂಗ್ಲಾದೇಶದ ಮನೆ ಮನೆಗಳಲ್ಲಿ

ಮದ್ದು ಸಿಕ್ಕಿತು. ಅದನ್ನು ಮನೆ ಮನೆಗೆ ಮುಟ್ಟಿಸಿದವರು ಮಹಿಳೆಯರು. ಫಝ್ಲೆ ಹಸನ್ ಆಬಿದ್ ಸ್ಥಾಪಿಸಿದ್ದ ಬ್ರ್ಯಾಕ್ ಎಂಬ ಸಂಸ್ಥೆ 1980ರಿಂದ 1990ರವರೆಗೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾರ್ಯಕರ್ತೆಯರನ್ನು ಮನೆ ಮನೆಗೆ ಕಳುಹಿಸಿತು. ಓದು ಬಾರದ, ಹೊಸಿಲು ದಾಟಿ ಆಸ್ಪತ್ರೆ ಕಾಣದ ತಾಯಂದಿರಿಗೆ ಅವರು ಕಲಿಸಿದ್ದು ಬೆರಳಿನ ಅಳತೆ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಬಾಯಿಮಾತಿನ ಉಪದೇಶವಲ್ಲ, ತಾಯಿಯ ಕೈಯಿಂದಲೇ ಮಾಡಿಸುತ್ತಿದ್ದರು. ಕೆಲವು ವಾರಗಳ ನಂತರ ಬೇರೆಯವರು ಬಂದು ತಾಯಂದಿರನ್ನು ಪರೀಕ್ಷಿಸುತ್ತಿದ್ದರು. ತಾಯಿ ಎಷ್ಟು ನೆನಪಿಟ್ಟಿದ್ದಾಳೋ ಅದರ ಮೇಲೆ ಕಾರ್ಯಕರ್ತೆಯ ಸಂಬಳ!

ಆರಂಭದಲ್ಲಿ ಕಲಿತವರು ಹಲವರು, ಬಳಸಿದವರು ಕೆಲವರೇ. ಕಾರಣ ಹುಡುಕಿದಾಗ ಕಲಿಸುವವರಿಗೇ ಅದರಲ್ಲಿ ನಂಬಿಕೆ ಸಾಲದೆಂದು ತಿಳಿಯಿತು. ಅವರ ಮನೆಯಲ್ಲಿ ಭೇದಿಯಾದರೆ ಅವರೇ ಮಾತ್ರೆಯ ಹಿಂದೆ ಹೋಗುತ್ತಿದ್ದರು. ಅವರಿಗೆ ಇದು ಹೇಗೆ ಕೆಲಸ ಮಾಡುತ್ತದೆಂದು ಮತ್ತೆ ತಿಳಿಸಿಕೊಡಲಾಯಿತು. ಆಮೇಲೆ ಅವರು ತಾಯಂದಿರ ಎದುರಲ್ಲೇ ಆ ನೀರನ್ನು ಕುಡಿದು ತೋರಿಸತೊಡಗಿದರು. ಹತ್ತು ವರ್ಷಗಳಲ್ಲಿ ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಈ ಪಾಠ ಮುಟ್ಟಿತು.

1980ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 45 ಲಕ್ಷಕ್ಕೂ ಹೆಚ್ಚು ಪುಟ್ಟ ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾಹಿತಿಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಸಂಖ್ಯೆ ಸುಮಾರು 4.4 ಲಕ್ಷ. ಶುದ್ಧ ನೀರು, ಲಸಿಕೆ, ಉತ್ತಮ ಆಹಾರದ ಪಾಲೂ ಇದರಲ್ಲಿದೆ. ಆದರೂ ನಾಲ್ಕು ಲಕ್ಷ ಸಣ್ಣ ಸಂಖ್ಯೆಯಲ್ಲ. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆ ಭೇದಿಯಾದ ಹತ್ತು ಮಕ್ಕಳಲ್ಲಿ ಆರು ಮಕ್ಕಳಿಗಷ್ಟೇ ಓ.ಆರ್.ಎಸ್. ಸಿಕ್ಕಿತ್ತು. ಉಳಿದ ನಾಲ್ಕು ಮಕ್ಕಳು ಯಾರ ಮನೆಯವರು?

ಅಳತೆ ತಪ್ಪಬಾರದು

ಜೋಡಿ ಬಾಗಿಲಿನ ಕಥೆ ತಿಳಿದ ಮೇಲೆ ಓ.ಆರ್.ಎಸ್. ವಿಷಯದಲ್ಲಿ ಅಳತೆ ಏಕೆ ಮುಖ್ಯ ಎಂಬುದು ತಾನಾಗಿ ಅರ್ಥವಾಗುತ್ತದೆ. ಸಕ್ಕರೆ ಕಡಿಮೆಯಾದರೆ ಬಾಗಿಲು ತೆರೆಯದು. ಸಕ್ಕರೆ ಅತಿಯಾದರೆ ಉಪ್ಪಿನಕಾಯಿ ಭರಣಿಯಲ್ಲಿ ಆದಂತೆ ಕರುಳಿನ ಗೋಡೆಯಿಂದಲೇ ನೀರು ಹೊರಗೆ ಬಂದು ಭೇದಿ ಹೆಚ್ಚುತ್ತದೆ. ಉಪ್ಪು ಅತಿಯಾದರೆ ಪುಟ್ಟ ಮಗುವಿನ ಮೆದುಳಿಗೇ ಅಪಾಯ.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರಿನ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸಿಟ್ರೇಟ್, ಒಟ್ಟು 20.5 ಗ್ರಾಂ ಇರುತ್ತದೆ. ಕೊಳ್ಳುವಾಗ ಈ ಸೂತ್ರದ್ದೇ ಎಂದು ನೋಡಿಕೊಳ್ಳಿ. ಹೆಸರಲ್ಲಿ ಓ.ಆರ್.ಎಸ್. ಎಂದು ಹಾಕಿಕೊಂಡು ಸಿಹಿ ಪಾನೀಯ ಮಾರುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಬಣ್ಣದ ಡಬ್ಬಿಯ ಜ್ಯೂಸು, ತಂಪು ಪಾನೀಯ ಭೇದಿಯಾದ ಮಗುವಿಗೆ ಮದ್ದಲ್ಲ.

ನೆನಪಿಡಬೇಕಾದ ಕೆಲವು ಮಾತುಗಳು:

ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟೇ ನೀರಿಗೆ ಇಡೀ ಪೊಟ್ಟಣ ಕಲಸಿ. ಒಂದು ಲೀಟರಿನದೂ ಇದೆ, 200 ಮಿಲಿ ಲೀಟರಿನದೂ ಇದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸುವುದು ದೊಡ್ಡ ತಪ್ಪು. ಸ್ವಲ್ಪ ಸ್ವಲ್ಪ ಪುಡಿ ಹಾಕಿ ಉಳಿದದ್ದನ್ನು ಎತ್ತಿಡುವುದೂ ಬೇಡ.

ಕುದಿಸಿ ಆರಿಸಿದ ನೀರನ್ನೇ ಬಳಸಿ. ಕಲಸಿದ ಮೇಲೆ ಕುದಿಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ, ಹೊಸದಾಗಿ ಮಾಡಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ ಕುಡಿಸಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. "ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುತ್ತದೆ" ಎಂಬ ಹಳೆಯ ಮಾತು ಎಷ್ಟೋ ಮಕ್ಕಳನ್ನು ಬಲಿ ತೆಗೆದುಕೊಂಡಿದೆ. ಓ.ಆರ್.ಎಸ್. ಜೊತೆ ಹತ್ತರಿಂದ ಹದಿನಾಲ್ಕು ದಿನ ಝಿಂಕ್ ಕೊಡುವ ಕ್ರಮವಿದೆ. ವಯಸ್ಸಿಗೆ ತಕ್ಕ ಪ್ರಮಾಣವನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ (ರಾಶಿಯಾಗದಂತೆ) ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಉಪ್ಪು ಹಾಕಿದ ಗಂಜಿ ತಿಳಿಯೂ ಒಳ್ಳೆಯದು. ಅದರ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಬಹಳ ಕಡಿಮೆ. ಕುಡಿಸಬಹುದು, ಆದರೆ ಓ.ಆರ್.ಎಸ್.ನ ಬದಲಿಗೆ ಅಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಅದೂ ಬೇಡ.

ಮಗು ಮಂಕಾಗಿ ಕುಡಿಯದಿದ್ದರೆ, ಕಣ್ಣು ಗುಳಿ ಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮೂತ್ರ ನಿಂತರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಕೂಡಲೇ ಮೊದಲಿನಂತಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ದಾರಿಯುದ್ದಕ್ಕೂ, ಮಗು ನುಂಗುತ್ತಿರುವವರೆಗೆ, ಓ.ಆರ್.ಎಸ್. ಕುಡಿಸುತ್ತಿರಿ.

ಮನೆಯ ಹಿರಿಯರ ವಿಷಯದಲ್ಲಿ ಇನ್ನೊಂದು ಮಾತು. ಬಿ.ಪಿ. ಇದ್ದವರು ಉಪ್ಪು ಕಡಿಮೆ ತಿನ್ನಬೇಕು ಎಂಬುದು ನಿಜ. ಆದರೆ ವಾಂತಿ-ಭೇದಿಯಾದ ದಿನ ಎಂದಿನ ಪಥ್ಯ, ಎಂದಿನ ಮಾತ್ರೆ ಎರಡನ್ನೂ ಹಾಗೆಯೇ ಮುಂದುವರಿಸಬೇಕೇ ಎಂದು ವೈದ್ಯರಿಗೆ ಫೋನು ಮಾಡಿಯಾದರೂ ಕೇಳಿ. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸುವುದೂ ತಪ್ಪು. ಇದ್ದಕ್ಕಿದ್ದಂತೆ ಹಿರಿಯರ ಮಾತು ತಪ್ಪಿದರೆ "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ.

ನೆರೆಮನೆಯ ಅಜ್ಜಿ ಆರನೆಯ ದಿನ ಮನೆಗೆ ಮರಳಿದರು. ನೋಡಲು ಹೋದಾಗ ಜಗಲಿಯಲ್ಲಿ ಕುಳಿತಿದ್ದರು. ಮಗಳು ಚಹಾ ತಂದಾಗ ಅವಳ ಹೆಸರು ಹಿಡಿದು ಕರೆದು, "ಇವರಿಗೆ ಸಕ್ಕರೆ ಕಡಿಮೆ ಹಾಕು" ಎಂದರು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಸೊಸೆ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ನಾಲ್ಕು ಓ.ಆರ್.ಎಸ್. ಪೊಟ್ಟಣಗಳನ್ನು ಇಟ್ಟಿದ್ದಳು. ನಿಮ್ಮ ಗೂಡಿನಲ್ಲಿ ಇಲ್ಲದಿದ್ದರೆ ಇಂದೇ ಎರಡು ತಂದಿಡಿ.